ಹಳೆ ಬೋಟಿಗೆ ಸರ್ವೆ, ಇನ್ಶೂರನ್ಸ್: ಯಾವ ಕಾಗದ ಬೇಕು, ಎಲ್ಲಿ ಕೇಳಬೇಕು?

ಬೆಳಗಾವಿ/ಖಾನಾಪುರ: ರಸ್ತೆ ಮೇಲೆ ಓಡುವ ಗಾಡಿಗೆ ಆರ್‌ಸಿ, ಎಫ್‌ಸಿ, ಇನ್ಶೂರನ್ಸ್ ಬೇಕು ಅನ್ನೋದು ಎಲ್ಲರಿಗೂ ಗೊತ್ತು. ನೀರಿನ ಮೇಲೆ ಓಡುವ ಎಂಜಿನ್ ಬೋಟಿಗೂ ಹೆಚ್ಚುಕಡಿಮೆ ಇದೇ ಮೂರು ಕಾಗದ ಬೇಕು ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. ಬೋಟ್ ಹಳೆಯದಾದಷ್ಟೂ ಈ ಕಾಗದಗಳ ಬೆಲೆ ಹೆಚ್ಚು. ಅನಾಹುತ ಆದ ಮೇಲೆ ಪೊಲೀಸರು ಮೊದಲು ಕೇಳೋದೂ ಇವನ್ನೇ, ಇನ್ಶೂರನ್ಸ್ ಕಂಪನಿ ಕ್ಲೇಮ್ ನಿಲ್ಲಿಸೋದೂ ಇವುಗಳ ಮೇಲೆಯೇ.

ರೆಸಾರ್ಟ್, ಹೋಮ್‌ಸ್ಟೇ ನಡೆಸುವವರು, ಕೆರೆಯಲ್ಲಿ ಬೋಟಿಂಗ್ ಟೆಂಡರ್ ಹಿಡಿಯುವವರು, ನದಿ ದಾಟಿಸುವ ದೋಣಿ ಇಟ್ಟವರು, ಗೋವಾ ಅಥವಾ ಕಾರವಾರ ಕಡೆಯಿಂದ ಸೆಕೆಂಡ್ ಹ್ಯಾಂಡ್ ಬೋಟ್ ತರಬೇಕು ಅಂತ ಇರುವವರು ಇದನ್ನು ಓದಿ ಇಟ್ಟುಕೊಳ್ರಿ. ಬೋಟ್ ಹತ್ತುವವರಿಗೂ ಉಪಯೋಗಕ್ಕೆ ಬರುತ್ತೆ.

ನಮ್ಮ ಜಿಲ್ಲೆಯ ನೀರು, ನಮ್ಮ ಬೋಟು

ಇಂಗ್ಲೆಂಡಿನಲ್ಲಿ ಕಾಲುವೆಗಳಲ್ಲೇ ಬೋಟ್ ಓಡುತ್ತವೆ, ಜನ ಅದರಲ್ಲೇ ಮನೆ ಮಾಡಿಕೊಂಡು ಇರ್ತಾರೆ. ನಮ್ಮ ಘಟಪ್ರಭಾ, ಮಲಪ್ರಭಾ ಕಾಲುವೆಗಳು ನೀರಾವರಿಗೆ ಮಾಡಿದವು, ಬೋಟ್ ಓಡಿಸೋಕಲ್ಲ. ನಮ್ಮಲ್ಲಿ ದೋಣಿ, ಬೋಟ್ ಇರೋದು ನದಿ, ಜಲಾಶಯ, ಕೆರೆಗಳಲ್ಲಿ. ಕೃಷ್ಣಾ ತೀರದ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ನದಿ ದಾಟೋಕೆ ದೋಣಿ ಹಳೆ ಕಾಲದಿಂದ ಇದೆ. ಘಟಪ್ರಭಾಕ್ಕೆ ಹಿಡಕಲ್ ಡ್ಯಾಂ, ಮಲಪ್ರಭಾಕ್ಕೆ ಸವದತ್ತಿ ತಾಲೂಕಿನ ನವಿಲುತೀರ್ಥ ಡ್ಯಾಂ ಇದೆ. ಬೆಳಗಾವಿ ನಗರದವರಿಗೆ ಬೋಟಿಂಗ್ ಅಂದರೆ ಕೋಟೆ ಕೆರೆ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ಊರ ಹತ್ತಿರ ಬೇಸಿಗೆಯಲ್ಲಿ ಸಣ್ಣ ಹೊಳೆ, ಮಳೆಗಾಲದಲ್ಲಿ ಬೇರೆಯದೇ ರೂಪ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳ ಪಟ್ಟಿಯಲ್ಲಿ ಘಟಪ್ರಭಾ, ಮಲಪ್ರಭಾ ಎರಡೂ ಹೆಸರು ಇವೆ. ಹಾಗಂತ ನದಿಯಲ್ಲಿ ಯಾರು ಬೇಕಾದರೂ ಬೋಟ್ ಇಳಿಸಬಹುದು ಅಂತ ಅರ್ಥ ಅಲ್ಲ.

ಕಾನೂನು ಏನು ಹೇಳುತ್ತೆ

ಒಳನಾಡು ಹಡಗು-ದೋಣಿಗಳಿಗೆ ಮೊದಲು 1917ರ ಬ್ರಿಟಿಷ್ ಕಾಲದ ಕಾಯ್ದೆ ಇತ್ತು. ಅದರ ಜಾಗಕ್ಕೆ 2021ರಲ್ಲಿ ಸಂಸತ್ತು ಹೊಸ ಒಳನಾಡು ಹಡಗುಗಳ ಕಾಯ್ದೆ ತಂದಿತು. 2022ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನೂ ಹೊರಡಿಸಿತು. ನದಿ, ಕಾಲುವೆ, ಸರೋವರ ಮುಂತಾದ ಸಂಚಾರಯೋಗ್ಯ ನೀರಿಗೆ ಇದು ಅನ್ವಯ.

ಎಂಜಿನ್‌ನಿಂದ ಓಡುವ ಬೋಟಿಗೆ ಮುಖ್ಯವಾಗಿ ನಾಲ್ಕು ಸಂಗತಿ:

ಒಂದು, ನೋಂದಣಿ. ಇದು ಬೋಟಿನ ಆರ್‌ಸಿ ಇದ್ದಂಗೆ. ಒಂದು ರಾಜ್ಯದಲ್ಲಿ ಆದ ನೋಂದಣಿ ದೇಶದ ಎಲ್ಲ ರಾಜ್ಯಗಳಲ್ಲೂ ನಡೆಯುತ್ತೆ.

ಎರಡು, ಸರ್ವೆ ಸರ್ಟಿಫಿಕೇಟ್. ಇದು ಬೋಟಿನ ಎಫ್‌ಸಿ. ಸರ್ಕಾರ ನೇಮಿಸಿದ ಸರ್ವೇಯರ್ ಬೋಟ್ ನೋಡಿ, ಇದು ಇಷ್ಟು ಜನರನ್ನು ಅಥವಾ ಇಷ್ಟು ಸಾಮಾನು ಹೊತ್ತು ಇಂಥ ನೀರಿನಲ್ಲಿ ಓಡಲು ಯೋಗ್ಯ ಅಂತ ಬರೆದುಕೊಡಬೇಕು.

ಮೂರು, ಇನ್ಶೂರನ್ಸ್. ಬೋಟ್ ಓಡಿಸೋದರಿಂದ ಯಾರಾದರೂ ಸತ್ತರೆ, ಗಾಯಗೊಂಡರೆ, ಆಸ್ತಿ ಹಾಳಾದರೆ ಪರಿಹಾರದ ಹೊಣೆ ಹೊರುವ ಪಾಲಿಸಿ ಚಾಲ್ತಿಯಲ್ಲಿ ಇರಬೇಕು. ಎಣ್ಣೆ ಸೋರಿ ನೀರು ಕೆಟ್ಟರೆ ಆಗುವ ಹೊಣೆಯೂ ಇದರಲ್ಲಿ ಬರುತ್ತೆ.

ನಾಲ್ಕು, ನಡೆಸುವವರ ಅರ್ಹತಾ ಪತ್ರ. ಈಜು ಬರುತ್ತೆ, ಹತ್ತು ವರ್ಷದಿಂದ ನಡೆಸ್ತೀನಿ ಅನ್ನೋದು ಲೈಸೆನ್ಸ್ ಅಲ್ಲ.

ಸರ್ವೆ ಅಂದರೆ ಮೂರು ಥರ

ನಮ್ಮ ಕಡೆ ಸರ್ವೆ ಅಂದ ಕೂಡಲೇ ನೆನಪಾಗೋದು ಹೊಲದ ಮೋಜಣಿ. ಬೋಟಿನ ವಿಷಯದಲ್ಲಿ ಈ ಒಂದೇ ಶಬ್ದಕ್ಕೆ ಮೂರು ಅರ್ಥ ಇದೆ. ಗೊಂದಲ ಶುರುವಾಗೋದೇ ಇಲ್ಲಿ.

ಮೊದಲನೆಯದು ಸರ್ಕಾರಿ ಸರ್ವೆ. ಮೇಲೆ ಹೇಳಿದ ಸರ್ಟಿಫಿಕೇಟ್ ಸಿಗೋದು ಇದರಿಂದ. ಇದರ ಉದ್ದೇಶ ಜನರ ಜೀವ.

ಎರಡನೆಯದು ಪಾಲಿಸಿ ಕೊಡುವ ಮುಂಚೆ ಇನ್ಶೂರನ್ಸ್ ಕಂಪನಿ ಕೇಳುವ ಸರ್ವೆ. ಹೊಸ ಬೋಟಿಗೆ ಬಿಲ್ ತೋರಿಸಿದರೆ ಸಾಕಾಗಬಹುದು. ಹಳೆ ಬೋಟಿಗೆ ಈಗಿನ ಸ್ಥಿತಿ ಏನು, ಈಗಿನ ಬೆಲೆ ಎಷ್ಟು ಅಂತ ವರದಿ ಬೇಕು ಅಂತಾರೆ. ಇದರ ಉದ್ದೇಶ ಕಂಪನಿಯ ದುಡ್ಡು. ಸರ್ಕಾರಿ ಸರ್ಟಿಫಿಕೇಟ್ ಇದ್ದರೂ ಕಂಪನಿ ಇದನ್ನು ಬೇರೆಯಾಗಿ ಕೇಳಬಹುದು. ಕಂಪನಿಯ ವರದಿ ಇದೆ ಅಂತ ಸರ್ಕಾರಿ ಸರ್ವೆ ತಪ್ಪಿಸಿಕೊಳ್ಳೋಕೂ ಆಗಲ್ಲ.

ಮೂರನೆಯದು ನಷ್ಟ ಆದ ಮೇಲಿನ ಸರ್ವೆ. ಕ್ಲೇಮ್ ಹಾಕಿದಾಗ ಲೈಸೆನ್ಸ್ ಇರುವ ನಷ್ಟ ಅಂದಾಜು ಮಾಡುವ ಸರ್ವೇಯರ್ ಬರ್ತಾರೆ. ಅವರು ನೋಡುವ ಮುಂಚೆ ರಿಪೇರಿ ಶುರು ಮಾಡಿದರೆ ಕ್ಲೇಮ್ ತೊಡಕಾಗುತ್ತೆ.

ಬೇರೆ ದೇಶದಲ್ಲೂ ಇದೇ ರೀತಿ. ಬ್ರಿಟನ್ನಿನ ಕಾಲುವೆ ಬೋಟುಗಳಿಗೆ ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ಪರೀಕ್ಷೆ ಇದೆ. ಅದರಲ್ಲಿ ಹೆಚ್ಚಾಗಿ ಗ್ಯಾಸ್, ಕರೆಂಟು, ಇಂಧನ, ಬೆಂಕಿಯ ಅಪಾಯ ನೋಡ್ತಾರೆ. ಬೋಟಿನ ತಳ ಗಟ್ಟಿ ಇದೆಯೋ ಇಲ್ಲವೋ ಅನ್ನೋದಕ್ಕೆ ಹಳೆ ಬೋಟುಗಳ ಮಾಲೀಕರಿಂದ ಇನ್ಶೂರನ್ಸ್ ಕಂಪನಿಗಳು ಬೇರೆ ವರದಿ ಕೇಳ್ತಾವೆ, ಬೋಟನ್ನು ನೀರಿನಿಂದ ಮೇಲೆತ್ತಿ ನೋಡಿದ ವರದಿ.

ಹಳೆ ಬೋಟಿನಲ್ಲಿ ಏನು ನೋಡ್ತಾರೆ

ಬೋಟ್ ನೀರಿನಲ್ಲಿ ಇರುವಾಗ ಅರ್ಧ ಮಾತ್ರ ಕಾಣುತ್ತೆ. ರೋಗ ಇರೋದು ಕೆಳಗಿನ ಅರ್ಧದಲ್ಲಿ. ಅದಕ್ಕೇ ದಡಕ್ಕೆ ಎಳೆದು, ಒಣಗಿಸಿ, ತಳ ತೊಳೆದು ಇಟ್ಟ ಮೇಲೆಯೇ ಸರ್ವೇಯರ್‌ನ ಕರೆಸ್ರಿ. ಹೊಸದಾಗಿ ದಪ್ಪ ಬಣ್ಣ ಬಳಿದು ತೋರಿಸಿದರೆ ಅನುಮಾನ ಹೆಚ್ಚಾಗುತ್ತೆ ಅಷ್ಟೇ.

ಕಟ್ಟಿಗೆ ಬೋಟ್: ನೀರು ಒಮ್ಮೆ ತಾಗಿ ಒಮ್ಮೆ ಒಣಗುವ ಅಂಚಿನಲ್ಲಿ ಕಟ್ಟಿಗೆ ಮೊದಲು ಕೊಳೆಯುತ್ತೆ. ಚೂಪಾದ ಮೊಳೆಯಿಂದ ಒತ್ತಿ ನೋಡಿದರೆ ಮೆತ್ತಗಾದ ಜಾಗ ಗೊತ್ತಾಗುತ್ತೆ. ಹಲಗೆ ಹಲಗೆಯ ನಡುವೆ ತುಂಬಿದ್ದು ಉದುರಿದೆಯಾ, ಮೊಳೆ ತುಕ್ಕು ಹಿಡಿದು ಸಡಿಲ ಆಗಿವೆಯಾ ಅಂತಲೂ ನೋಡ್ತಾರೆ.

ಕಬ್ಬಿಣದ ಬೋಟ್: ತುಕ್ಕು ಹೊರಗಿಗಿಂತ ಒಳಗಿನಿಂದ ಹೆಚ್ಚು ತಿನ್ನುತ್ತೆ, ಯಾಕಂದರೆ ತಳದಲ್ಲಿ ನೀರು, ಎಣ್ಣೆ, ಕೆಸರು ನಿಂತಿರುತ್ತೆ. ಪ್ಲೇಟಿನ ದಪ್ಪವನ್ನು ಶಬ್ದತರಂಗದ ಮೀಟರ್‌ನಿಂದ ತೂತು ಮಾಡದೆ ಅಳೆಯಬಹುದು. ಒಂದು ಕಡೆ ಅಳತೆ ಸಾಲದು, ತಳದುದ್ದಕ್ಕೂ ಸಾಲಾಗಿ ಅಳೆದ ಅಂಕಿ ವರದಿಯಲ್ಲಿ ಬರಬೇಕು. ಮೊದಲಿನ ದಪ್ಪ 6 ಮಿ.ಮೀ. ಇದ್ದು ಈಗ 4 ಆಗಿದ್ದರೆ ಮೂರನೇ ಒಂದು ಭಾಗ ಹೋಗಿದೆ ಅಂತ ಅರ್ಥ. ಅಂಥ ಕಡೆ ಮೇಲೊಂದು ಪ್ಲೇಟ್ ವೆಲ್ಡಿಂಗ್ ಮಾಡಿಸೋದು ಸುಲಭ. ಆದರೆ ಆ ತೂಕವೂ ಬೋಟಿನ ಲೆಕ್ಕಕ್ಕೆ ಸೇರುತ್ತೆ.

ಫೈಬರ್ ಬೋಟ್: ತುಕ್ಕು ಹಿಡಿಯಲ್ಲ, ಹಂಗಂತ ಕೆಡೋದೇ ಇಲ್ಲ ಅಂತಲ್ಲ. ಮೇಲಿನ ಪದರದ ಕೆಳಗೆ ನೀರು ಹೊಕ್ಕರೆ ಬೊಕ್ಕೆ ಏಳುತ್ತವೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಠಣ್ ಅನ್ನೋ ಬದಲು ಬೋದು ಶಬ್ದ ಬಂದರೆ ಪದರ ಬಿಟ್ಟಿದೆ ಅಂತ ತಿಳಿಬೇಕು. ಎಂಜಿನ್ ತೂಗುಹಾಕುವ ಹಿಂಭಾಗದ ಹಲಗೆ ಒಳಗೊಳಗೇ ಕೊಳೆತಿರುತ್ತೆ. ಅದು ಮುರಿದರೆ ಎಂಜಿನ್ ನೀರುಪಾಲು.

ಉಳಿದವು: ಪೆಟ್ರೋಲ್ ಪೈಪು, ಬ್ಯಾಟರಿ, ವೈರಿಂಗ್, ಸ್ಟೀರಿಂಗ್, ಒಳಗಿನ ನೀರು ಹೊರಹಾಕುವ ಪಂಪು, ಬೆಂಕಿ ಆರಿಸುವ ಸಿಲಿಂಡರ್, ಲೈಫ್ ಜಾಕೆಟ್, ಎಸೆಯುವ ರಿಂಗು. ಲೈಫ್ ಜಾಕೆಟ್ ಎಣಿಸಿದರೆ ಸಾಲದು. ಪಟ್ಟಿ ಹರಿದಿದ್ದರೆ, ಕ್ಲಿಪ್ ಮುರಿದಿದ್ದರೆ ಅದು ಲೆಕ್ಕಕ್ಕಿಲ್ಲ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು.

ಮೇಲೊಂದು ಮಾಳಿಗೆ ಕಟ್ಟಿಸೋ ಮುಂಚೆ

ಹಳೆ ಬೋಟ್ ತಂದು ಮೇಲೆ ಶೆಡ್, ಸೀಟು, ಮಾಳಿಗೆ ಹಾಕಿಸಿ ಟೂರಿಸ್ಟ್ ಬೋಟ್ ಮಾಡೋದು ಎಲ್ಲ ಕಡೆ ನಡೆಯುತ್ತೆ. ಕಾಯ್ದೆ ಪ್ರಕಾರ ಬೋಟಿನ ಬಲ, ಸಮತೋಲ, ಸುರಕ್ಷತೆ ಮೇಲೆ ಪರಿಣಾಮ ಆಗುವ ಯಾವುದೇ ಬದಲಾವಣೆಗೆ ಮೊದಲೇ ಒಪ್ಪಿಗೆ ಬೇಕು. ಕಾರಣ ಸರಳ: ತೂಕ ಮೇಲೆ ಹೋದಷ್ಟೂ ಬೋಟ್ ಬೇಗ ವಾಲುತ್ತೆ. ವಾಲಿದಾಗ ಜನ ಗಾಬರಿಯಾಗಿ ಒಂದೇ ಕಡೆ ಓಡಿದರೆ ಮುಗೀತು.

2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಆಗಿದ್ದು ಇಂಥದ್ದೇ. ಮೀನು ಹಿಡಿಯುವ ಬೋಟನ್ನು ಟೂರಿಸ್ಟ್ ಬೋಟ್ ಮಾಡಲಾಗಿತ್ತು, ಮೇಲೆ ಜನವೂ ಹೆಚ್ಚು. 22 ಮಂದಿ ಸತ್ತರು.

ಹತ್ತು ಜನ ಹೆಚ್ಚಾದರೆ ಏನಾಗುತ್ತೆ?

ಒಂದು ಲೆಕ್ಕ ನೋಡ್ರಿ. ಬೋಟ್ 6 ಮೀಟರ್ ಉದ್ದ, 2 ಮೀಟರ್ ಅಗಲ ಅಂದುಕೊಳ್ಳೋಣ. ತುದಿ ಚೂಪು ಇರೋದರಿಂದ ನೀರು ಮುಟ್ಟುವ ಜಾಗ ಸುಮಾರು 9 ಚದರ ಮೀಟರ್. ಹತ್ತು ಜನ ಹೆಚ್ಚಿಗೆ ಹತ್ತಿದರೆ, ತಲಾ 60 ಕೆ.ಜಿ. ಹಿಡಿದರೂ 600 ಕೆ.ಜಿ. ಆ ತೂಕ ತೇಲಬೇಕಾದರೆ ಬೋಟ್ 600 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕು. ಅಂದರೆ ಬೋಟ್ ಹತ್ತಿರ ಹತ್ತಿರ 7 ಸೆಂ.ಮೀ. ಕೆಳಗೆ ಇಳಿಯುತ್ತೆ. ನೀರಿನ ಮಟ್ಟದಿಂದ ಅಂಚು 25 ಸೆಂ.ಮೀ. ಮಾತ್ರ ಮೇಲಿರುವ ಹಳೆ ಬೋಟಿಗೆ ಇದು ಸಣ್ಣ ಮಾತಲ್ಲ. ಗಾಳಿ ಎದ್ದು ಒಂದು ಅಲೆ ಒಳಗೆ ಬಂದರೆ ಆ ನೀರಿನ ತೂಕ ಇನ್ನಷ್ಟು ತಗ್ಗಿಸುತ್ತೆ, ಮುಂದಿನ ಅಲೆಗೆ ದಾರಿ ಸಲೀಸು.

2019ರ ಜನವರಿ 21ರಂದು ಪಕ್ಕದ ಉತ್ತರ ಕನ್ನಡದ ಕಾರವಾರದಲ್ಲಿ, ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆಗೆ ಹೋದವರ ಬೋಟ್ ಮಗುಚಿ 16 ಮಂದಿ ತೀರಿಕೊಂಡರು. 2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರಣಿ ಕೆರೆಯಲ್ಲಿ ಪಿಕ್ನಿಕ್‌ಗೆ ಬಂದ 12 ಶಾಲಾ ಮಕ್ಕಳು, 2 ಶಿಕ್ಷಕಿಯರು ಸತ್ತರು. ಹರಣಿ ಊರ ನಡುವಿನ ಕೆರೆ. ಸಣ್ಣ ನೀರು, ಏನಾಗುತ್ತೆ ಅನ್ನೋರು ಇದನ್ನು ನೆನಪಿಡಬೇಕು. ಶಾಲಾ ಟ್ರಿಪ್ ಕರೆದೊಯ್ಯುವ ಮಾಸ್ತರರೂ ಬೋಟ್ ಹತ್ತೋ ಮುಂಚೆ ಸರ್ಟಿಫಿಕೇಟ್ ತೋರಿಸ್ರಿ ಅಂತ ಕೇಳಬೇಕು. ಕೇಳಿದರೆ ತಪ್ಪಿಲ್ಲ.

ಇನ್ಶೂರನ್ಸ್: ಯಾವ ಭಾಗ ಯಾವುದಕ್ಕೆ

ಬೋಟ್ ಇನ್ಶೂರನ್ಸ್ ಅಂದರೆ ಒಂದೇ ಅಂತ ತಿಳಿಬ್ಯಾಡ್ರಿ. ಬೋಟಿನ ಮೈ ಮತ್ತು ಎಂಜಿನ್‌ಗೆ ಒಂದು, ಬೇರೆಯವರಿಗೆ ಆಗುವ ಹಾನಿಯ ಹೊಣೆಗೆ ಒಂದು, ನಡೆಸುವವರು ಮತ್ತು ಕೆಲಸದವರ ಅಪಘಾತಕ್ಕೆ ಇನ್ನೊಂದು. ಬೋಟ್ ಹಳೆಯದು, ಮೈಗೆ ಪಾಲಿಸಿ ದುಬಾರಿ ಅನ್ನಿಸಿದರೆ ಆ ಭಾಗ ಬಿಡೋದು ನಿಮ್ಮ ಇಷ್ಟ. ಹೊಣೆಯ ಭಾಗ ಬಿಡುವಂತಿಲ್ಲ. ಬೋಟ್ ಮುಳುಗಿದರೆ ಹೋಗೋದು ಬೋಟಿನ ಬೆಲೆ. ಜನ ಸತ್ತು ಪರಿಹಾರದ ಆದೇಶ ಬಂದರೆ ಮನೆ, ಅಂಗಡಿ ಎರಡೂ ಹೋಗಬಹುದು.

ಪ್ರಯಾಣಿಕರು ಹೊಣೆಯ ಭಾಗದಲ್ಲಿ ಸೇರಿದ್ದಾರಾ, ಎಷ್ಟು ಜನರವರೆಗೆ, ಒಬ್ಬರಿಗೆ ಎಷ್ಟು, ಒಂದು ಅಪಘಾತಕ್ಕೆ ಒಟ್ಟು ಎಷ್ಟು: ಈ ನಾಲ್ಕನ್ನು ಏಜೆಂಟರ ಬಾಯಿಮಾತಿನಲ್ಲಿ ಅಲ್ಲ, ಪಾಲಿಸಿ ಕಾಗದದಲ್ಲಿ ನೋಡ್ರಿ. ಪ್ರೀಮಿಯಂ ಮುಟ್ಟದೆ ರಿಸ್ಕ್ ಶುರುವಾಗಲ್ಲ ಅಂತ 1938ರ ವಿಮಾ ಕಾಯ್ದೆಯಲ್ಲೇ ಇದೆ. "ಸೋಮವಾರ ಕಟ್ಟಿದರಾತು" ಅಂತ ಭಾನುವಾರ ಬೋಟ್ ಇಳಿಸಬ್ಯಾಡ್ರಿ.

ಬೆಲೆ ಕಡಿಮೆ ತೋರಿಸಿ ಪ್ರೀಮಿಯಂ ಉಳಿಸೋದೂ ಲಾಭದ ಮಾತಲ್ಲ. ಅಂಗಡಿಯ ಬೆಂಕಿ ಪಾಲಿಸಿ ಇಟ್ಟವರಿಗೆ ಈ ಲೆಕ್ಕ ಗೊತ್ತಿರುತ್ತೆ. 4 ಲಕ್ಷದ ಬೋಟಿಗೆ 2 ಲಕ್ಷದ ಪಾಲಿಸಿ ಮಾಡಿಸಿ, 1 ಲಕ್ಷ ನಷ್ಟ ಆಯ್ತು ಅನ್ನೋಣ. ಪಾಲಿಸಿಯಲ್ಲಿ ಪ್ರಮಾಣದ ಶರತ್ತು ಇದ್ದರೆ ಸಿಗೋದು 50 ಸಾವಿರ ಮಾತ್ರ. ಅದರಲ್ಲೂ ನೀವೇ ಭರಿಸಬೇಕಾದ ಮೊದಲ ಮೊತ್ತ ಕಳೆಯುತ್ತಾರೆ.

ಕ್ಲೇಮ್ ನಿಲ್ಲೋದು ಎಲ್ಲಿ

ಹಳೆ ಬೋಟಿನ ಕ್ಲೇಮ್‌ಗಳಲ್ಲಿ ಬರುವ ತಕರಾರು ಬಹುತೇಕ ಇವೇ: ಸರ್ವೆ ಸರ್ಟಿಫಿಕೇಟಿನ ಮುದ್ದತು ಮುಗಿದಿತ್ತು, ಬರೆದದ್ದಕ್ಕಿಂತ ಜನ ಹೆಚ್ಚಿದ್ದರು, ನಡೆಸಿದವರಿಗೆ ಅರ್ಹತಾ ಪತ್ರ ಇರಲಿಲ್ಲ, ಎಂಜಿನ್ ಬದಲಿಸಿದ್ದನ್ನು ಹೇಳಿರಲಿಲ್ಲ, ಪಾಲಿಸಿಯಲ್ಲಿ ಹೇಳಿದ ನೀರು ಬಿಟ್ಟು ಬೇರೆ ಕಡೆ ಓಡಿಸಿದ್ದರು. ಕೊನೆಯದು ಸವಕಳಿ. ಕೊಳೆತ ಹಲಗೆ, ತುಕ್ಕು ತಿಂದ ಪ್ಲೇಟು ಅಪಘಾತ ಅಲ್ಲ, ನಿರ್ವಹಣೆ ಕೊರತೆ ಅಂತ ಕಂಪನಿ ಹೇಳುತ್ತೆ. ಅದಕ್ಕೆ ಉತ್ತರ ಕೊಡೋಕೆ ಇರುವ ದಾರಿ ಒಂದೇ, ರಿಪೇರಿ ಬಿಲ್ಲು ಮತ್ತು ತಾರೀಖು ಇರುವ ಫೋಟೋ. ಬಿಲ್ ಇಲ್ಲದ ರಿಪೇರಿ ಕಾಗದದ ಮೇಲೆ ಆಗೇ ಇಲ್ಲ.

ಅಪಘಾತ ಆದರೆ ಮೊದಲು ಜೀವ ಉಳಿಸೋದು, 112ಕ್ಕೆ ಫೋನ್. ಆಮೇಲೆ ಕಂಪನಿಗೆ ಅದೇ ದಿನ ತಿಳಿಸಿ ದೂರಿನ ನಂಬರ್ ಬರೆದುಕೊಳ್ರಿ. ಬೋಟ್ ಕೊಚ್ಚಿಹೋಗದಂತೆ ಕಟ್ಟೋದು, ಎಂಜಿನ್ ನೀರಿನಿಂದ ತೆಗೆಯೋದು ನಿಮ್ಮ ಕರ್ತವ್ಯವೇ. ಅದರ ಫೋಟೋ, ಖರ್ಚಿನ ಚೀಟಿ ಇಟ್ಟುಕೊಳ್ರಿ.

ಹುಟ್ಟು ಹಾಕುವ ದೋಣಿ, ಹರಿಗೋಲು

ಎಂಜಿನ್ ಇಲ್ಲದ ದೋಣಿಗಳಿಗೆ ಕಾಯ್ದೆ ಹಗುರವಾಗಿದೆ. ಇವುಗಳ ದಾಖಲಾತಿಯನ್ನು ಜಿಲ್ಲೆ, ತಾಲೂಕು, ಪಂಚಾಯಿತಿ ಮಟ್ಟದಲ್ಲೇ ಮಾಡಲು ಅವಕಾಶ ಇದೆ. ಅದಕ್ಕೆ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಕೇಳ್ರಿ. ಹುಟ್ಟು ಹಾಕುವ ದೋಣಿಗೆ ಹಿಂದೆ ಮೋಟರ್ ಕಟ್ಟಿದ ದಿನದಿಂದ ಅದು ಎಂಜಿನ್ ಬೋಟ್ ಆಗುತ್ತೆ, ನಿಯಮವೂ ಬದಲಾಗುತ್ತೆ.

ದೋಣಿ ನಡೆಸುವವರಿಗೆ ಕನಿಷ್ಠ ಒಂದು ಅಪಘಾತ ವಿಮೆ ಇರಲಿ. ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, 18ರಿಂದ 70 ವಯಸ್ಸಿನವರಿಗೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಬ್ಯಾಂಕ್ ಖಾತೆಯಿಂದ ಕಡಿತ ಆಗುತ್ತೆ, ಜೂನ್ 1ರಿಂದ ಮೇ 31ರವರೆಗೆ ಲೆಕ್ಕ. ಮೀನುಗಾರರಿಗೆ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷದ ಗುಂಪು ಅಪಘಾತ ವಿಮೆ ಇದೆ. ಅದಕ್ಕೆ ಮೀನುಗಾರಿಕೆ ಇಲಾಖೆಯಲ್ಲಿ ಹೆಸರು ಇರಬೇಕು. ಇವೆರಡೂ ದೋಣಿ ನಡೆಸುವವರ ಕುಟುಂಬಕ್ಕೆ. ಪ್ರಯಾಣಿಕರಿಗೆ ಇದರಿಂದ ಏನೂ ಸಿಗಲ್ಲ.

ಸೆಕೆಂಡ್ ಹ್ಯಾಂಡ್ ತರುವವರಿಗೆ

ಅಡ್ವಾನ್ಸ್ ಕೊಡುವ ಮುಂಚೆ ನೋಂದಣಿ ಪತ್ರದಲ್ಲಿನ ಹೆಸರು ಮತ್ತು ಮಾರುವವರ ಹೆಸರು ಒಂದೇನಾ, ಎಂಜಿನ್ ನಂಬರ್ ತಾಳೆ ಆಗುತ್ತಾ, ಬ್ಯಾಂಕ್ ಸಾಲ ಇದೆಯಾ ನೋಡ್ರಿ. ಹಿಂದಿನ ಸರ್ವೆ ವರದಿಗಳನ್ನೂ ಕೇಳ್ರಿ. ಸಮುದ್ರದಲ್ಲಿ ಓಡಿದ ಬೋಟ್ ಆದರೆ ಉಪ್ಪುನೀರು ಎಂಜಿನ್, ಮೊಳೆ, ವೈರಿಂಗ್ ತಿಂದಿರುತ್ತೆ. ಖಾಸಗಿ ಸರ್ವೇಯರ್‌ಗೆ ಕೊಡುವ ಫೀ ಉಳಿಸೋಕೆ ಹೋಗಿ ಹಳೆ ಹೊರೆ ತಲೆ ಮೇಲೆ ಹಾಕಿಕೊಳ್ಳಬ್ಯಾಡ್ರಿ. ಹಳೆ ಮಾಲೀಕರ ಪಾಲಿಸಿ ತಾನಾಗೇ ನಿಮ್ಮ ಹೆಸರಿಗೆ ಬರುತ್ತೆ ಅಂತಲೂ ನಂಬಬ್ಯಾಡ್ರಿ. ಕಂಪನಿಯಿಂದ ಬರಹದಲ್ಲಿ ಒಪ್ಪಿಗೆ ಬರುವ ತನಕ ಬೋಟ್ ದಡದಲ್ಲೇ ಇರಲಿ.

ಎಲ್ಲಿ ಕೇಳಬೇಕು

ನೋಂದಣಿ, ಸರ್ವೆಗೆ: ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ, ಕಾರವಾರ.

ಹಿಡಕಲ್, ನವಿಲುತೀರ್ಥ ಜಲಾಶಯದಲ್ಲಿ ಬೋಟ್ ಇಳಿಸಲು: ಕರ್ನಾಟಕ ನೀರಾವರಿ ನಿಗಮ. ಬೋಟಿನ ಕಾಗದ ಸರಿ ಇದ್ದರೂ ನೀರಿನ ಮಾಲೀಕರ ಒಪ್ಪಿಗೆ ಬೇರೆ ಬೇಕು.

ಖಾನಾಪುರದ ಕಾಡಿನ ಭಾಗದಲ್ಲಿ: ಅರಣ್ಯ ಇಲಾಖೆ. ಭೀಮಗಡ ವನ್ಯಧಾಮ ಇದೇ ತಾಲೂಕಿನಲ್ಲಿದೆ.

ಕ್ಲೇಮ್ ತಕರಾರಿಗೆ: ಮೊದಲು ಕಂಪನಿಗೆ ಬರಹದಲ್ಲಿ ದೂರು, ಆಮೇಲೆ ವಿಮಾ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್, ಅದಾದ ಮೇಲೆ ಜಿಲ್ಲಾ ಗ್ರಾಹಕ ಆಯೋಗ. ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿ. ವ್ಯಾಪಾರದ ಪಾಲಿಸಿ, ನೀವು ಗ್ರಾಹಕರಲ್ಲ ಅಂತ ಕಂಪನಿ ವಾದಿಸಬಹುದು. 2023ರ ಹರ್ಸೋಲಿಯಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವ್ಯಾಪಾರಿ ತೊಗೊಂಡ ಪಾಲಿಸಿ ಅನ್ನೋ ಒಂದೇ ಕಾರಣಕ್ಕೆ ದೂರು ತಳ್ಳಿಹಾಕುವಂತಿಲ್ಲ ಅಂತ ಹೇಳಿದೆ.

ಬೋಟ್ ಇಳಿಸೋ ಮುಂಚೆ ನೋಡಿಕೊಳ್ರಿ

- ನೋಂದಣಿ ಪತ್ರ ನಿಮ್ಮ ಹೆಸರಿನಲ್ಲಿ ಇದೆಯಾ?
- ಸರ್ವೆ ಸರ್ಟಿಫಿಕೇಟಿನ ಕೊನೆ ತಾರೀಖು ಯಾವುದು?
- ಎಷ್ಟು ಜನ ಅನ್ನೋದು ಬೋಟಿನ ಮೇಲೆ ಕನ್ನಡದಲ್ಲಿ ಕಾಣುವಂತೆ ಬರೆದಿದೆಯಾ?
- ಪಾಲಿಸಿಯಲ್ಲಿ ಪ್ರಯಾಣಿಕರು ಸೇರಿದ್ದಾರಾ?
- ನಡೆಸುವವರ ಅರ್ಹತಾ ಪತ್ರದ ಝೆರಾಕ್ಸ್ ಇದೆಯಾ?
- ತಲೆಗೊಂದು ಸರಿಯಾದ ಲೈಫ್ ಜಾಕೆಟ್ ಇದೆಯಾ, ಜನ ಹಾಕಿಕೊಂಡಿದ್ದಾರಾ?
- ಕಳೆದ ಸರ್ವೆ ಆದ ಮೇಲೆ ಮಾಡಿಸಿದ ರಿಪೇರಿ, ಬದಲಾವಣೆ ಇಲಾಖೆಗೂ ಕಂಪನಿಗೂ ತಿಳಿಸಿದ್ದೀರಾ?

ಎಲ್ಲ ಕಾಗದದ ಒಂದು ಪ್ರತಿ ಮನೆಯಲ್ಲಿ, ಒಂದು ಫೋನಿನಲ್ಲಿ ಇಡ್ರಿ. ಬೋಟಿನಲ್ಲಿ ಮಾತ್ರ ಇಟ್ಟರೆ ಬೋಟಿನ ಜೊತೆ ಅದೂ ಮುಳುಗುತ್ತೆ. ಮಳೆಗಾಲದಲ್ಲಿ ಬೋಟ್ ದಡದಲ್ಲಿ ನಿಲ್ಲುವ ತಿಂಗಳುಗಳೇ ತಳ ನೋಡಿಸಲು, ಸರ್ವೆಗೆ ಅರ್ಜಿ ಹಾಕಲು, ಪಾಲಿಸಿ ನವೀಕರಿಸಲು ಸರಿಯಾದ ಸಮಯ. ದಸರಾ ರಜೆಗೆ ಜನ ಬರೋ ಹೊತ್ತಿಗೆ ಕಾಗದ ಕೈಯಲ್ಲಿರುತ್ತೆ.